ಬಿಸಿಲಿಗಿಟ್ಟ ಹಲಗೆ

ಸಿಂಗಾಪುರದ ಹೌಗಾಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಚೀನೀ ಅಂಕಲ್ ಮರದ ಹಲಗೆಯ ಮೇಲೆ ಮೇರಿ ಮಾತೆಯ ಚಿತ್ರ ಬರೆಯುತ್ತಿದ್ದರು, ಐನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಬರೆಯುತ್ತಿದ್ದ ಹಾಗೆಯೇ. ತೊಂಬತ್ತರ ದಶಕದ ಮಾತಿದು. ಅವರ ಹೆಂಡತಿಯ ದೃಷ್ಟಿ ದಿನೇ ದಿನೇ ಮಂಜಾಗುತ್ತಿತ್ತು. ಅದು ಪೂರ್ತಿ ಹೋಗುವ ಮೊದಲು ಆಕೆಗೆ ಚಿತ್ರ ತೋರಿಸಬೇಕೆಂಬುದು ಅಂಕಲ್ ಹಟ.

ಹಟವೇನೋ ಸರಿ, ಕೆಲಸ ಮಾತ್ರ ಆಮೆನಡಿಗೆಯದು. ಮೊದಲು ಹಲಗೆಗೆ ಪ್ರಾಣಿಯ ಚರ್ಮ ಕಾಯಿಸಿದ ಅಂಟು. ಆಮೇಲೆ ಅದೇ ಅಂಟಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಎಂಟು ಪದರ ಬಳಿದು, ನೆರಳಲ್ಲಿ ನಿಧಾನವಾಗಿ ಒಣಗಿಸಿ, ನುಣ್ಣಗೆ ಉಜ್ಜಬೇಕು. ಅದರ ಮೇಲೆ ಚಿನ್ನದ ರೇಕು. ಕಡೆಗೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಮೊಟ್ಟೆ ಮುಟ್ಟದ ಮೈಸೂರಿನ ಮನೆಯವಳು ನಾನು, ಆದರೂ ದಿನಾ ಹೋಗಿ ನೋಡುತ್ತಿದ್ದೆ.

ಎಂಟನೆಯ ಪದರ ಬಳಿದ ಮರುದಿನ ಅಂಕಲ್ ಹೆಂಡತಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ಮಳೆ ಬಂದರೆ ಕಿಟಕಿ ಹಾಕೆಂದು ಕೀಲಿಕೈ ನನಗೆ ಕೊಟ್ಟರು. ಮಳೆ ಬರಲಿಲ್ಲ. ಹಲಗೆ ಮುಟ್ಟಿದರೆ ಇನ್ನೂ ತಣ್ಣಗಿತ್ತು. ಕಾರಿಡಾರಿನಲ್ಲಿ ನನ್ನ ಸಂಡಿಗೆ ಒಣಗುತ್ತಿತ್ತಲ್ಲ, ಬೇಗ ಒಣಗಲೆಂದು ಅದರ ಪಕ್ಕದಲ್ಲಿ ಹಲಗೆಯನ್ನೂ ಬಿಸಿಲಿಗಿಟ್ಟೆ. ಎರಡು ಗಂಟೆಯಲ್ಲಿ ಬಿಳಿ ಪದರದ ತುಂಬ ಕೂದಲೆಳೆಯಂಥ ಬಿರುಕು. ಹಲಗೆಯನ್ನು ಒಳಗೆ ತಂದಿಟ್ಟೆ.

ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ. "ನಿಂಗ್ಯಾರು ಹೇಳಿದ್ರು ಹೊರಗಿಡೋಕೆ? ಕವರ್ ಅಪ್ ಮಾಡೋಕೆ ಹೋಗ್ಬೇಡ, ಬಂದ ತಕ್ಷಣ ಹೇಳ್ಬಿಡು" ಎಂದರು. ಸಹಾಯಕ್ಕಿಂತ ಉಪದೇಶ ಸಲೀಸು.

ಹೇಳಿದೆ. ಅಂಕಲ್ ಹಲಗೆಯ ಅಂಚಿಗೆ ಕಣ್ಣು ಹಿಡಿದು ನೋಡಿದರು. ಮರ ಬಾಗಿರಲಿಲ್ಲ. ಬಿರುಕಿನ ಮೇಲೆ ಉಗುರು ಎಳೆದು, ಆ ಊರಿನವರು ಮಾತಿಗೆ ಸೇರಿಸುವ 'ಲಾ' ಸೇರಿಸಿ ಹೇಳಿದರು.

"ನಾನು ಹಾಕಿದ ಅಂಟೂ ಜಾಸ್ತಿ ಆಗಿದೆ ಲಾ. ಈಗಲೇ ಬಿರಿದಿದ್ದು ಒಳ್ಳೇದು. ಮುಖ ಬರೆದ ಮೇಲೆ ಬಿರಿದಿದ್ರೆ?"

ನಾನು ಅಲ್ಲೇ ಅತ್ತುಬಿಟ್ಟೆ. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಕೇಳುವ ಧೈರ್ಯ ಬರಲಿಲ್ಲ.

ಎಲ್ಲ ಕೆರೆದು ಮತ್ತೆ ಬಳಿಯುವಷ್ಟರಲ್ಲಿ ಒಂದು ತಿಂಗಳು ಹೋಯಿತು. ಆ ತಿಂಗಳು ಆಂಟಿ ಕಾಫಿ ಲೋಟಕ್ಕೆ ತಡಕಾಡುವುದನ್ನು ಕಂಡಾಗಲೆಲ್ಲ ನಾನು ಇನ್ನೂ ಒಣಗಬೇಕಾದ ಪದರಗಳನ್ನು ಎಣಿಸುತ್ತಿದ್ದೆ.

ಚಿತ್ರ ಮುಗಿದ ದಿನ ಅಂಕಲ್ ಅದನ್ನು ಆಂಟಿಯ ಕೈಗಿಟ್ಟರು. ಆಕೆ ಕಿಟಕಿಯ ಬಳಿ ಹೋಗಿ, ರೆಪ್ಪೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ನಾನು ಕಿಟಕಿಯ ಪರದೆಯನ್ನು ಇನ್ನಷ್ಟು ಸರಿಸಿದೆ.

"ಮೂಗು ಸೊಟ್ಟ ಲಾ" ಎಂದರು ಗಂಡನಿಗೆ.

ಅಂಕಲ್ ಪೆಚ್ಚಾದರು. ನನಗೆ ಹೋದ ಜೀವ ಬಂದಂತಾಯಿತು. ಮೂಗು ನಿಜವಾಗಿಯೂ ಸೊಟ್ಟಗೇ ಇತ್ತು.