ಉತ್ತರ ಬಂದಿದೆ

ಬಾಗಲಕೋಟೆಯ ಒಂದು ಸಣ್ಣ ಕಣ್ಣಿನ ಚಿಕಿತ್ಸಾ ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಡಾಕ್ಟರು ಇರುವುದು ಇಲ್ಲೇ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ನಮ್ಮದು ಒಂದೊಂದು ಕೋಣೆಯ ಕೇಂದ್ರ. ಅಲ್ಲಿನ ನರ್ಸ್ ಕಣ್ಣಿನ ಫೋಟೊ ತೆಗೆದು ಕಳಿಸಿದರೆ ಡಾಕ್ಟರು ಇಲ್ಲಿ ಕುಳಿತು ನೋಡಿ ಹೇಳುತ್ತಾರೆ. ನೆಟ್ ಹೋಯಿತೆಂದರೆ ಕೆಲಸವೂ ಹೋಯಿತು.

ಸಂಸ್ಥೆಯ ಆಡಳಿತ ನೋಡುವವರು ಹೈಸ್ಕೂಲಿನಿಂದ ನಿವೃತ್ತರಾದ ಒಬ್ಬ ಹೆಡ್‌ಮಾಸ್ತರರು. ನಾವೆಲ್ಲ ಅವರನ್ನು ಸರ್ ಎನ್ನುತ್ತೇವೆ. ಒಂದು ದಿನ ಕರೆದು ಹೇಳಿದರು: "ನೋಡ್ರಿ, ನೆಟ್ ಎಲ್ಲಿ ಹೋಗೇತಿ ಅಂತ ತಿಳಸಾಕ ಒಂದು, ಕಣ್ಣಿನ ಪೊರಿ ತಗಸಿದವರನ್ನ ವಿಚಾರಸಾಕ ಒಂದು, ಮಂದಿ ನಮ್ಮ ಬಗ್ಗೆ ಫೇಸ್‌ಬುಕ್ಕಿನ್ಯಾಗ ಏನಂತಾರ ನೋಡಾಕ ಒಂದು. ಮೂರೂ ಸಾಫ್ಟ್‌ವೇರ್ ನೀವ ಆರಿಸ್ರಿ. ನಂಗ ಅದರಾಗಿಂದು ಏನೂ ತಿಳಿಯೂದಿಲ್ಲ."

ಒಂದು ಕಂಪನಿಯವನು ಬಂದು ಮೂರನ್ನೂ ಪರೀಕ್ಷೆಗೆಂದು ಹಾಕಿಕೊಟ್ಟ. ಅಂದಿನಿಂದ ನನಗೆ ಒಂದು ಕಡೆ ಕೂರುವುದು ಕಷ್ಟವಾಯಿತು. ಇಳಕಲ್ಲಿನಲ್ಲಿ ಕರೆಂಟ್ ಹೋಗಿ ನೆಟ್ ನಿಂತರೆ ನನ್ನ ಫೋನು ಗುಂಯ್ ಎನ್ನುತ್ತಿತ್ತು. ಬಂದರೆ ಮತ್ತೆ ಗುಂಯ್. ರೊಟ್ಟಿ ಮುರಿಯುವ ಕೈಯಲ್ಲೇ ಪರದೆ ಉಜ್ಜುತ್ತಿದ್ದೆ. "ತಾಟ ಮುಂದಿಟ್ಕೊಂಡು ಅದನ್ನೇನ ನೋಡ್ತಿ? ಅದೇನ ಹಸಗೂಸ ಏನು, ಅಳಾಕತ್ತೇತೇನು?" ಎಂದು ಅತ್ತೆ ಬೈದರು. ನಾನು ನಕ್ಕು ಫೋನನ್ನು ಮಗುಚಿಟ್ಟೆ. ಎರಡು ತುತ್ತು ಇಳಿಯುವಷ್ಟರಲ್ಲಿ ಅದು ಮತ್ತೆ ನನ್ನ ಕೈಯಲ್ಲಿತ್ತು.

ಉಳಿದೆರಡು ಮಾತ್ರ ತಣ್ಣಗಿದ್ದವು. ಶಸ್ತ್ರಚಿಕಿತ್ಸೆ ಆದವರಿಗೆ 'ಕಣ್ಣು ಹೇಗಿದೆ, ಔಷಧಿ ಹಾಕುತ್ತಿದ್ದೀರಾ' ಎಂಬ ಸಂದೇಶ ತಾನಾಗಿ ಹೋಗುತ್ತಿತ್ತು. ಯಾರಾದರೂ ಮರಳಿ ಏನಾದರೂ ಕಳಿಸಿದರೆ ಹೆಸರಿನ ಮುಂದೆ 'ಉತ್ತರ ಬಂದಿದೆ' ಎಂದು ಹಸಿರು ಬೀಳುತ್ತಿತ್ತು. ಫೇಸ್‌ಬುಕ್ ಕಾಯುವ ಮೂರನೆಯದು ಪ್ರತಿ ಬೆಳಿಗ್ಗೆ 'ಹೊಸದೇನೂ ಇಲ್ಲ' ಎನ್ನುತ್ತಿತ್ತು. ಆ ಎರಡನ್ನು ನೋಡಿದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಂತೆಯ ದಿನ ಬೀದಿ ಖಾಲಿ ಇದ್ದರೆ ಹೇಗೆ ಕಳವಳವಾಗುತ್ತದೋ ಹಾಗೆ ಒಳಗೇ ಏನೋ ಕೊರೆಯುತ್ತಿತ್ತು.

ಒಂದು ಸೋಮವಾರ ಬಾದಾಮಿಯ ನರ್ಸ್ ಫೋನ್ ಮಾಡಿದಳು.

"ಅಕ್ಕಾರ, ನೆಟ್ ಛಲೋ ಐತ್ರಿ. ಆದ್ರ ಮುಂಜಾನಿಂದ ಒಬ್ಬರೂ ಬಂದಿಲ್ಲ."

"ಯಾಕಂತ?"

"ವಾಟ್ಸಾಪಿನ್ಯಾಗ ಒಂದು ಆಡಿಯೋ ಅಡ್ಡಾಡಾಕತ್ತೇತ್ರಿ. ನಿಮಗ ಕಳಸ್ತೇನಿ, ನೀವ ಕೇಳ್ರಿ."

ಕೇಳಿದೆ. ಹೆಣ್ಣಿನ ದನಿ, ಸಿಟ್ಟು, ಜೊತೆಗೆ ಅಳು. "ನಮ್ಮತ್ತಿ ಕಣ್ಣ ಕೆಂಪಗಾಗೇತಿ, ನೀರ ಸೋರತೇತಿ, ಬ್ಯಾನಿ ಅಂತ ಹೊರಳಾಡಾಕತ್ತಾಳ. ಹಿಂಗ ಆಗೂದಿತ್ತಂದ್ರ ಯಾಕ ಮಾಡಿದ್ರಿ? ಚೊಳಚಗುಡ್ಡಕ್ಕ ಯಾರರ ಬಂದು ನೋಡ್ರಿ."

ಎರಡನೆಯ ಸಲ ಕೇಳಿದಾಗ ತಿಳಿಯಿತು. 'ಯಾಕ ಮಾಡಿದ್ರಿ', 'ಬಂದು ನೋಡ್ರಿ' — ಇದು ಊರ ಮಂದಿಗೆ ಹೇಳಿದ ಮಾತಲ್ಲ, ನಮಗೇ ಹೇಳಿದ್ದು. ಶಸ್ತ್ರಚಿಕಿತ್ಸೆ ಆದವರ ಪಟ್ಟಿಯಲ್ಲಿ ಬಾದಾಮಿ ಹತ್ತಿರದ ಚೊಳಚಗುಡ್ಡದ ಹೆಸರುಗಳನ್ನು ತೆರೆದೆ. ಒಬ್ಬ ಮುದುಕಿಯ ಮುಂದೆ ಹಸಿರು: ಉತ್ತರ ಬಂದಿದೆ. ಒತ್ತಿದರೆ ಅದೇ ಆಡಿಯೋ. ಶುಕ್ರವಾರವೇ ಬಂದು ಬಿದ್ದಿತ್ತು. ಉತ್ತರ ಬಂತೆಂದು ಸಾಫ್ಟ್‌ವೇರ್ ತೃಪ್ತಿಪಟ್ಟಿತ್ತು. ಏನು ಬಂತೆಂದು ಯಾರೂ ಕೇಳಿರಲಿಲ್ಲ.

ಸರ್‌ಗೆ ಕೇಳಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಗಾಡಿ ತಗೊಂಡು ಈಗ ಹೋಗ್ರಿ. ಡಾಕ್ಟರಿಗೆ ನಾ ಹೇಳ್ತೇನಿ" ಎಂದರು.

ಗಾಡಿ ಬಾದಾಮಿ ದಾಟಿತು. ಬನಶಂಕರಿಯ ದಾರಿಗೆ ಹೊರಳಿದ ಮೇಲೆ ದಾರಿಯ ಬದಿಯಲ್ಲಿ ಎಲೆಬಳ್ಳಿಯ ತೋಟಗಳು ಕಂಡವು. ಬೇರೆ ದಿನವಾದರೆ ಕಣ್ಣಿಗೆ ತಂಪು. ಅಂದು ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರ್ ದಾರಿ ಬಿಡಲೊಲ್ಲದು ಎಂದು ಮಾತ್ರ ನನಗೆ ತಿಳಿಯುತ್ತಿತ್ತು.

ಆಡಿಯೋದ ದನಿ ಆ ಮನೆಯ ಸೊಸೆಯದು. ಬಾಗಿಲಲ್ಲೇ ತಡೆದಳು.

"ಈಗ ಬಂದ್ರ್ಯಾ? ಕೇಂದ್ರದ ನಂಬರಿಗೆ ಹಚ್ಚಿದ್ರ ಯಾರೂ ಎತ್ತವಲ್ರು. ನಿಮ್ಮ ಮೆಸೇಜ್ ಬಂತು, ಅದಕ್ಕ ಹೇಳಿ ಕಳಿಸಿದೆ. ಮರುದಿನ ಏನ್ ಬಂತು ಗೊತ್ತೈತೇನ್ರಿ? 'ನಿಮ್ಮ ಉತ್ತರಕ್ಕೆ ಧನ್ಯವಾದಗಳು' ಅಂತ! ಸಿಟ್ಟ ಬಂದು ನಮ್ಮ ಬೀಗರ ಗ್ರೂಪಿಗೆ ಹಾಕಿದೆ."

"ಅತ್ತಿಯವರನ್ನ ಕರಕೊಂಡು ಹೋಗೂಣು, ಡಾಕ್ಟರು ಕಾಯಾಕತ್ತಾರ. ಬೈಯೂದು ಗಾಡ್ಯಾಗ ಬೈರಿ" ಎಂದೆ. ಅವಳು ಒಳಗೆ ಹೋಗಿ ಅತ್ತೆಯ ಸೀರೆ ಚೀಲಕ್ಕೆ ತುಂಬಿದಳು.

ಉರಿಯುತ್ತದೆಂದು ಮುದುಕಿ ಔಷಧಿ ಹಾಕುವುದನ್ನೇ ನಿಲ್ಲಿಸಿದ್ದಳು. ಕಣ್ಣಿಗೆ ಸೋಂಕು ತಗುಲಿತ್ತು. ಇನ್ನೆರಡು ದಿನ ತಡವಾಗಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ನಾನೂ ಆ ಸೊಸೆಯೂ ಚಹಾ ಹಿಡಿದು ಕೂತೆವು, ಎದ್ದೆವು, ಮತ್ತೆ ಕೂತೆವು. ಕೆಂಪು ಇಳಿಯಲು ವಾರ ಹಿಡಿಯಿತು. ಹೊರಡುವ ದಿನ ಮುದುಕಿ ಗೋಡೆಯ ಕ್ಯಾಲೆಂಡರಿನ ದೇವರನ್ನು ಗುರುತಿಸಿ ಕೈಮುಗಿದಳು.

ಗುಣವಾಯಿತೆಂದು ಇನ್ನೊಂದು ಆಡಿಯೋ ಮಾಡಬಹುದೇ ಎಂದು ಸರ್ ಸಂಕೋಚದಿಂದ ಕೇಳಿದರು. ಸೊಸೆ ಹೇಳಿದಳು: "ಮಾಡ್ತೇನ್ರಿ. ಆದ್ರ ನೀವ ಹೇಳಿಕೊಡಬ್ಯಾಡ್ರಿ." ಕಣ್ಣು ಉಳಿದದ್ದನ್ನು ಹೇಳಿದಳು, ನಾವು ಫೋನ್ ಎತ್ತದಿದ್ದುದನ್ನೂ ಹೇಳಿದಳು. ಬಾದಾಮಿಗೆ ಮಂದಿ ಮತ್ತೆ ಬರತೊಡಗಿದರು, ಮೊದಲಿನಷ್ಟಲ್ಲ.

ಕಂಪನಿಯವನು ಬಂದಾಗ ನಾನು ಕೇಳಿದ್ದು ಒಂದೇ: "ಯಾರರ ಮಾತಾಡಿ ಕಳಿಸಿದ್ರ ಅದನ್ನ ಯಾರ ಕೇಳ್ತಾರ?" ಮುಂದಿನ ಆವೃತ್ತಿಯಲ್ಲಿ ಆ ಸೌಲಭ್ಯ ಬರುತ್ತದೆ ಎಂದ. ನೆಟ್ ನೋಡುವುದನ್ನಷ್ಟೇ ಇಟ್ಟುಕೊಂಡೆವು. ವಿಚಾರಿಸುವ ಕೆಲಸವನ್ನು ನರ್ಸ್‌ಗಳೂ ನಾನೂ ಹಂಚಿಕೊಂಡು ಫೋನಿನಲ್ಲೇ ಮಾಡುತ್ತೇವೆ.

ಮೊನ್ನೆ ಕಲಾದಗಿಯ ಒಬ್ಬ ರೈತರಿಗೆ ಫೋನ್ ಹಚ್ಚಿದ್ದೆ. ಕಣ್ಣು ಛಲೋ ಐತಿ ಎಂದು ಒಂದೇ ಮಾತಿನಲ್ಲಿ ಮುಗಿಸಿ, ತಮ್ಮ ಚಿಕ್ಕು ತೋಟದ ಸುದ್ದಿಗೆ ಇಳಿದರು. ಇನ್ನೂ ಎಷ್ಟೋ ಜನರಿಗೆ ಫೋನ್ ಮಾಡುವುದಿತ್ತು. ಕುರ್ಚಿಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. "ಕೇಳಾಕತ್ತೀರಿಲ್ಲೋ?" ಎಂದರು ಅವರು.

"ಕೇಳಾಕತ್ತೇನ್ರಿ, ಹೇಳ್ರಿ" ಎಂದೆ.