ಲಾಳಿಯೊಳಗಿನ ಒಂಬತ್ತು ಮಾತ್ರೆ

ಗೋಪಾಲಸಾಮಿಯವರ ಎದೆಯ ಮೇಲೆ ನಲವತ್ತೊಂದು ಗಾಯದ ಗೆರೆಗಳಿದ್ದವು. ನಲವತ್ತನ್ನು ಅವರೇ ಎಳೆದುಕೊಂಡಿದ್ದರು, ಒಂದನ್ನು ಡಾಕ್ಟರು ಎಳೆದಿದ್ದರು. ಆ ಒಂದರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ.

"ಅಷ್ಟು ಓದಿದ ಮನುಷ್ಯ, ನನ್ನ ಗೆರೆಗಳ ಮೇಲೇ ಅಡ್ಡಾದಿಡ್ಡಿ ಕೊಯ್ದವ್ನೆ ನೋಡು ಅಮ್ಮಣಿ," ಎಂದು ಸೊಸೆ ಶಿವಗಾಮಿಗೆ ಅಂಗಿ ಬಿಚ್ಚಿ ತೋರಿಸುತ್ತಿದ್ದರು. ಸೊಸೆಗೆ ಮಾತ್ರವಲ್ಲ, ಹಾಲಿನವನಿಗೆ, ಕರೆಂಟು ರೀಡಿಂಗಿಗೆ ಬಂದವನಿಗೆ, ಒಮ್ಮೆ ಓಟು ಕೇಳಲು ಬಂದವರಿಗೂ ತೋರಿಸಿದ್ದರು.

ತಮಿಳುನಾಡಿನ ಅವಿನಾಶಿಯ ಪಕ್ಕದ ಆ ಕನ್ನಡ ನೇಕಾರರ ಬೀದಿಯಲ್ಲಿ ದಸರೆಗೆ ಸೌಡೇಶ್ವರಿ ಅಮ್ಮನನ್ನು ಮೆರವಣಿಗೆಯಲ್ಲಿ ಕರೆತರುವಾಗ ಗಂಡಸರು ಕತ್ತಿ ಹಿಡಿದು ಕುಣಿಯುತ್ತಾರೆ, ಎದೆ ಕೊಯ್ದುಕೊಂಡು ಅರಿಸಿನ ಮೆತ್ತಿಕೊಳ್ಳುತ್ತಾರೆ. ಅದು ಅಲಗು ಸೇವೆ. ರಕ್ತ ಕಾಣದೆ ಅಮ್ಮ ಹೆಜ್ಜೆ ಇಡುವುದಿಲ್ಲವೆಂಬುದು ನಂಬಿಕೆ. ತಮ್ಮ ರಕ್ತ ಕಾಣದೆ ಇಡುವುದಿಲ್ಲವೆಂಬುದು ಗೋಪಾಲಸಾಮಿಯವರ ಸ್ವಂತ ಸೇರ್ಪಡೆ.

ಆದರೂ ಬೀದಿಗೆ ಬೀದಿಯೇ ಅವರನ್ನು ಹಚ್ಚಿಕೊಂಡಿತ್ತು. ಆಸ್ತಿಗೆ ಜಗಳಾಡಿದ ಅಣ್ಣತಮ್ಮಂದಿರನ್ನು ಅವರು ಬೀದಿಯಲ್ಲಿ ಚಾಚಿದ ಹಾಸುನೂಲಿನ ಎರಡು ತುದಿಗೆ ನಿಲ್ಲಿಸುತ್ತಿದ್ದರು. "ಎಳೀರಿ. ಒಬ್ಬ ಜಾಸ್ತಿ ಎಳೆದ್ರೂ ಹರಿಯುತ್ತೆ, ಇಬ್ಬರ ಮನೇಲೂ ಅನ್ನ ಇಲ್ಲ." ಶಿವಗಾಮಿಯನ್ನು ಹೆಣ್ಣು ನೋಡಲು ಹೋದಾಗ ಸಿಕ್ಕುಗಟ್ಟಿದ ನೂಲಿನ ಉಂಡೆಯೊಂದನ್ನು ಅವಳ ಕೈಗಿಟ್ಟು, ತುದಿ ಹುಡುಕು ಅಂದಿದ್ದರು. ಅರ್ಧ ಗಂಟೆಯಾದರೂ ಸಿಗದೆ ಅವಳ ಕಣ್ಣಲ್ಲಿ ನೀರು ಬಂತು. "ಅಳ್ಬೇಡ ಅಮ್ಮಣಿ, ಎಂಟು ದಿನದಿಂದ ನನಗೂ ಸಿಕ್ಕಿಲ್ಲ. ಬಾ, ನಮ್ಮನೇಲಿ ಕೂತು ಹುಡುಕು."

ಎರಡು ವರ್ಷದ ಹಿಂದೆ ಅವರ ಹೃದಯದ ವಾಲ್ವ್ ಕೆಟ್ಟಿತು. ಕೋಯಮತ್ತೂರಿನಲ್ಲಿ ಲೋಹದ್ದೊಂದನ್ನು ಕೂರಿಸಿದರು. ಅದು ಟಿಕ್ ಟಿಕ್ ಎಂದು ಕೇಳುವಷ್ಟು ಸದ್ದು ಮಾಡುತ್ತಿತ್ತು. "ಎದೆಯೊಳಗೆ ಮಗ್ಗ ಹಾಕಿಸ್ಕೊಂಡಿದ್ದೀನಿ," ಎಂದು ಮೊಮ್ಮಕ್ಕಳನ್ನು ಕರೆದು ಕಿವಿ ಇಡಿಸುತ್ತಿದ್ದರು. ಪಕ್ಕದಲ್ಲಿ ಮಲಗುವ ಹೆಂಡತಿಗೆ, ಅಂದರೆ ಶಿವಗಾಮಿಯ ಅತ್ತೆಗೆ, ಆ ಸದ್ದಿಗೆ ನಿದ್ದೆಯೇ ಬರುತ್ತಿರಲಿಲ್ಲ.

ರಕ್ತ ಹೆಪ್ಪುಗಟ್ಟದಿರಲು ದಿನಕ್ಕೊಂದು ಮಾತ್ರೆ ಕೊಟ್ಟು, ಡಾಕ್ಟರು ಎಚ್ಚರಿಸಿದ್ದರು: ಇದನ್ನು ತಗೊಳ್ಳುವಷ್ಟು ದಿನ ಸಣ್ಣ ಗಾಯವಾದರೂ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ. ಮನೆಯಲ್ಲಿ ಎಲ್ಲರ ಕಿವಿಗೂ ಬಿದ್ದದ್ದು ಆ ಮಾತೊಂದೇ. ಹಿಂದಿನ ದಸರೆಯಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಲಾಗಿತ್ತು. ಅವರ ರಕ್ತವಿಲ್ಲದೆಯೇ ಅಮ್ಮ ಸಲೀಸಾಗಿ ಗುಡಿ ಸೇರಿದಳು. ಆ ಅವಮಾನವನ್ನು ಅವರು ಮರೆಯಲಿಲ್ಲ.

ಅದಕ್ಕೇ ಈ ಸಲ ಮಹಾಲಯ ಅಮಾವಾಸ್ಯೆಗೆ ಮೊದಲೇ ಶಿವಗಾಮಿ ಎರಡೂ ಕತ್ತಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಾಳಿ ಸರಕ್ಕೆ ಸಿಕ್ಕಿಸಿಕೊಂಡಳು. ಮಾವನನ್ನು ದಸರೆ ದಾಟಿಸಬೇಕು, ಅವಳಿಗೆ ಅದೊಂದೇ ಚಿಂತೆ.

"ಕತ್ತಿ ಕೇಳಬಾರ್ದುಂಗ ಮಾವ."

"ಕೇಳಲ್ಲ ಅಮ್ಮಣಿ. ನಾನೇನು ಚಿಕ್ಕ ಪಿಳ್ಳೆಯಾ?"

ಇಷ್ಟು ಬೇಗ ಒಪ್ಪಿದಾಗಲೇ ಅನುಮಾನ ಬರಬೇಕಿತ್ತು. ಸಂಜೆ ಸಂಜೆ ಅವಳೇ ಮಾತ್ರೆ ಕೊಡುತ್ತಿದ್ದಳು. ಅವರು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮೂಲೆಯ ಹಳೆಯ ಗುಂಡಿ ಮಗ್ಗದಲ್ಲಿ ಕೂರಲು ಹೋಗುತ್ತಿದ್ದರು.

ನವಮಿಯ ಬೆಳಿಗ್ಗೆ ಜಗಲಿಯಲ್ಲಿ ಕೂತವರಿಗೆ ಉಸಿರು ಹತ್ತಲಿಲ್ಲ, ಮುಖ ಬೂದಿಯಾಯಿತು. ಕಾರು ಕೋಯಮತ್ತೂರಿನ ಪೀಳಮೇಡು ಮುಟ್ಟುವ ಮೊದಲೇ ತಲೆ ಶಿವಗಾಮಿಯ ಹೆಗಲಿಗೆ ವಾಲಿತು. ಆಸ್ಪತ್ರೆಯಲ್ಲಿ ಡಾಕ್ಟರು, "ಮಾತ್ರೆ ನಿಲ್ಲಿಸಿದ್ರಾ? ವಾಲ್ವಲ್ಲಿ ರಕ್ತ ಹೆಪ್ಪುಗಟ್ಟಿದ ಹಾಗಿದೆ," ಎಂದರು.

"ನಾನೇ ಕೈಯಾರೆ ಕೊಟ್ಟಿದ್ದೀನಿ," ಎಂದು ಅವಳು ಸೌಡೇಶ್ವರಿ ಅಮ್ಮನ ಮೇಲೆ ಆಣೆ ಇಟ್ಟಳು.

ದಸರೆಯ ಹೊತ್ತಿನ ಸಾವು! ಅಮ್ಮನೇ ಬಂದು ಕರೆದುಕೊಂಡಳೆಂದು ಬೀದಿಯೆಲ್ಲ ಕೈಮುಗಿಯಿತು. ಶಿವಗಾಮಿಯ ಗಂಡ ಮೋಹನ್‌ರಾಜ್ ಪವರ್‌ಲೂಮ್ ಸಂಘದ ಕಾರ್ಯದರ್ಶಿ. ಕಾಫಿ ಕೇಳುವಾಗಲೂ ಮೈಕು ಪರೀಕ್ಷಿಸುವಂತೆ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. ಎರಡನೆಯ ದಿನವೇ ಹನ್ನೆರಡು ಅಡಿಯ ಫ್ಲೆಕ್ಸ್ ನಿಲ್ಲಿಸಿದ. 'ಅಮ್ಮ ಕರೆದಳು, ಅಯ್ಯ ನಡೆದರು' ಎಂದು ತಮಿಳಿನಲ್ಲಿ ದೊಡ್ಡ ಅಕ್ಷರ. ಕೆಳಗೆ ಸಂಘದ ಹದಿನಾಲ್ಕು ಪದಾಧಿಕಾರಿಗಳ ಫೋಟೋ. ಅಪ್ಪನ ಮುಖಕ್ಕೆ ಒಂದು ಮೂಲೆ ಉಳಿದಿತ್ತು.

ಐದನೆಯ ದಿನ ಗುಂಡಿ ಮಗ್ಗದ ಮೂಲೆ ಗುಡಿಸುವಾಗ ಅಡ್ಡನೂಲು ಹಾಯಿಸುವ ಹಳೆಯ ಲಾಳಿಯೊಂದು ಶಿವಗಾಮಿಯ ಕೈಯಲ್ಲಿ ಗಡಗಡ ಎಂದಿತು. ನೂಲು ಸುತ್ತಿದ ಕಂಡಿಕೆ ಕೂರುವ ಜಾಗದಲ್ಲಿ ಹತ್ತಿ ತುರುಕಿತ್ತು. ಕಿತ್ತರೆ ಒಂಬತ್ತು ಮಾತ್ರೆಗಳು. ಅಂಚುಗಳು ಎಂಜಲಿಗೆ ಕರಗಿದ್ದವು. ಅಮಾವಾಸ್ಯೆಯಿಂದ ಅಷ್ಟಮಿಯವರೆಗೆ ಸಂಜೆಗೊಂದು, ಲೆಕ್ಕ ಸರಿಯಾಗಿತ್ತು. ಅವಳು ಕಾವಲಿದ್ದದ್ದು ಕತ್ತಿಗೆ ಮಾತ್ರ.

ಅತ್ತೆ ನೋಡಿದರು.

"ನನಗೆ ಹೇಳಿದ್ರು. 'ಹತ್ತೇ ದಿನ ನಿಲ್ಲಿಸ್ತೀನಿ, ಆಮೇಲೆ ಕೊಯ್ದ್ರೂ ರಕ್ತ ನಿಲ್ಲುತ್ತೆ, ಡಾಕ್ಟ್ರು ಹೇಳಿದಂಗೇ ಜಾಗ್ರತೆ ಮಾಡ್ತಿದ್ದೀನಿ' ಅಂದ್ರು. ನನಗೂ ರಕ್ತಕ್ಕೇ ಭಯ ಇದ್ದದ್ದು. ಸರೀಂಗ ಅಂದೆ."

ಶಿವಗಾಮಿ ಮಾತ್ರೆಗಳನ್ನು ಮತ್ತೆ ಲಾಳಿಯೊಳಗೆ ತುಂಬಿದಳು.

"ಕಡೇ ಎರಡು ದಿನ ಆ ಟಿಕ್ ಟಿಕ್ ಸದ್ದು ಮಂಕಾಗಿತ್ತು ಅಮ್ಮಣಿ," ಎಂದರು ಅತ್ತೆ. "ನಾನು ಚೆನ್ನಾಗಿ ನಿದ್ದೆ ಮಾಡಿದೆ."

ಮೋಹನ್‌ರಾಜ್‌ಗೆ ತಿಳಿಸಿದಾಗ ಅವನು ಗಂಟಲು ಸರಿಮಾಡಿಕೊಂಡ. ಆದರೆ ಭಾಷಣ ಬರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಮೂಗು ಒರೆಸಿಕೊಂಡು ಹೇಳಿದ: "ಯಾರಿಗೂ ಸೊಲ್ಲಬೇಡ. ಅಮ್ಮ ಕರೆದ್ಲು ಅಂತಾನೇ ಇರ್ಲಿ. ನಮ್ಮಪ್ಪ ಮುಟ್ಟಾಳ ಅನ್ನಿಸ್ಕೋಬೇಕಾ?"

ಶಿವಗಾಮಿಗೂ ಅದೇ ಬೇಕಿತ್ತು. ಮಾತ್ರೆ ಕೊಟ್ಟ ಕೈ ಅವಳದು.

ಹದಿನಾರನೆಯ ದಿನದ ಊಟಕ್ಕೆ ಬೀದಿಯೆಲ್ಲ ಬಂದಿತ್ತು. ಗೋಪಾಲಸಾಮಿಯವರ ಮಗ್ಗದ ಜೊತೆಗಾರ ಮೈಲ್‌ಸಾಮಿ ಎಲೆಯ ಮುಂದೆ ಕೂತು ಕಣ್ಣೊರೆಸಿಕೊಂಡ. ಅವನಿಗೂ ಹೋದ ವರ್ಷವೇ ಎದೆಯೊಳಗೆ ಲೋಹದ ವಾಲ್ವ್ ಬಂದಿತ್ತು.

"ಪುಣ್ಯಾತ್ಮ, ನನಗೂ ಉಪಾಯ ಹೇಳಿಕೊಟ್ಟು ಹೋದ. 'ಹತ್ತು ದಿನ ಮೊದಲೇ ಮಾತ್ರೆ ನಿಲ್ಲಿಸು, ಕತ್ತಿ ಹಿಡಿ' ಅಂತ. ಈ ಸಲ ನನಗೆ ಧೈರ್ಯ ಸಾಲಲಿಲ್ಲ. ಬರೋ ದಸರೆಗೆ ಅವನ ಬದಲು ನಾನು ಇಳೀತೀನಿ. ಅವನ ಹಾಗೇ ಸಾವು ಬಂದ್ರೆ ಬರ್ಲಿ."

ಪಂಕ್ತಿಯೆಲ್ಲ 'ಆಹಾ' ಎಂದಿತು. ಮೋಹನ್‌ರಾಜ್ ಪಾಯಸದ ಬಕೆಟ್ಟು ಹಿಡಿದು ಹೆಂಡತಿಯ ಮುಖ ನೋಡಿದ. ಬೇಡ, ಎನ್ನುವಂತೆ ತಲೆಯಾಡಿಸಿದ.

ಶಿವಗಾಮಿ ಒಳಗೆ ಹೋಗಿ ಲಾಳಿ ತಂದಳು. ಮೈಲ್‌ಸಾಮಿಯ ಎಲೆಯ ಅಂಚಿನಲ್ಲಿ, ಉಪ್ಪಿನ ಪಕ್ಕ, ಒಂಬತ್ತು ಮಾತ್ರೆಗಳನ್ನು ಸುರಿದಳು.

"ಅಮ್ಮ ಕರೀಲಿಲ್ಲ ಚಿಕ್ಕಪ್ಪ. ಇದನ್ನ ನುಂಗದೆ ಮಾವ ಸತ್ತರು. ನಾನು ನೋಡ್ಕೊಳ್ಳಲಿಲ್ಲ."

ಪಂಕ್ತಿ ಸುಮ್ಮನಾಯಿತು. ಆ ಮೌನದಲ್ಲಿ ಮೈಲ್‌ಸಾಮಿಯ ಅಂಗಿಯೊಳಗಿನ ಟಿಕ್ ಟಿಕ್ ಎಲ್ಲರಿಗೂ ಕೇಳಿಸಿತು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, ಎಲೆ ಮಡಚದೆ ಎದ್ದುಹೋದ.

ಮಧ್ಯಾಹ್ನವೇ ಯಾರೋ ಫ್ಲೆಕ್ಸ್ ಇಳಿಸಿದರು. ಮೋಹನ್‌ರಾಜ್ ಹೆಂಡತಿಯೊಡನೆ ತಿಂಗಳುಗಟ್ಟಲೆ ಮಾತು ಬಿಟ್ಟ. ಮೈಲ್‌ಸಾಮಿಯೂ ಆ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸಿಕೊಳ್ಳುತ್ತಾನೆ. ಆದರೆ ಸಂಜೆ ಆರಕ್ಕೆ ಮಾತ್ರೆ ಕೊಟ್ಟ ಮೇಲೆ ಅವನ ಹೆಂಡತಿ ಅವನ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಾಳಂತೆ.