ದರ್ಜಿ ಅಂಗಡಿಯ ಪುಸ್ತಕಗಳು

ಊರಿನ ಗ್ರಂಥಾಲಯ ಮೊದಲು ದರ್ಜಿಯ ಅಂಗಡಿಯಾಗಿತ್ತು. ಅದನ್ನೀಗ ನೋಡಿಕೊಳ್ಳುತ್ತಿದ್ದವಳು ಆ ದರ್ಜಿಯ ಮಗಳೇ. ಎಲ್ಲರಿಗೂ ಅವಳು ಪುಸ್ತಕದಕ್ಕ. ಅಕ್ಕನ ಬಾಯಿಂದ ಎರಡು ಮಾತು ಹೊರಡಿಸುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ ಎಂದು ಪೇಪರ್ ಓದಲು ಬರುವವರು ನಗುತ್ತಿದ್ದರು.

ಅವಳಿಗೊಬ್ಬ ಅಣ್ಣನಿದ್ದ. ಅಪ್ಪನಿಗೆ ಓದು ಬರದು. ಅಪ್ಪ ಹೊಲಿಯುವಾಗ ಅಣ್ಣ ಪಕ್ಕದ ಬೆಂಚಿನಲ್ಲಿ ಕೂತು ಕತೆ ಓದುತ್ತಿದ್ದ. ಕತೆ ರಂಗೇರಿದರೆ ಹೊಲಿಗೆಯಂತ್ರ ತಾನಾಗಿ ನಿಲ್ಲುತ್ತಿತ್ತು. ಅಂಗಿ ಅಳತೆ ಕೊಡಲು ಬಂದವನು ತೋಳು ಚಾಚಿಕೊಂಡೇ ನಿಂತಿರುತ್ತಿದ್ದ.

ಒಂದು ವರ್ಷ ಊರಿಗೆ ಜ್ವರ ಬಂತು. ಎಷ್ಟೋ ಮನೆಗಳಲ್ಲಿ ಸಾವಾಯಿತು. ಅಣ್ಣನೂ ಹೋದ.

ಮತ್ತೆ ಅಂಗಡಿ ತೆರೆದಾಗ ಆ ನಿಶ್ಶಬ್ದ ಅಪ್ಪನಿಗೆ ತಡೆಯಲಾಗಲಿಲ್ಲ. ಬಟ್ಟೆ ಇಡುವ ಕಪಾಟಿನಲ್ಲಿ ಮಗನ ಪುಸ್ತಕಗಳನ್ನು ಜೋಡಿಸಿದ. ಯಾರು ಬೇಕಾದರೂ ಬಂದು ಓದಿ, ನನಗೂ ಕೇಳಿಸುವ ಹಾಗೆ ಓದಿ ಅಂದ. ಸಾವಾದ ಮನೆಯವರೆಲ್ಲ ಒಬ್ಬೊಬ್ಬರಾಗಿ ತಮ್ಮವರ ಪುಸ್ತಕ ತಂದಿಟ್ಟರು. ಮನೆಯಲ್ಲಿದ್ದರೆ ಕಣ್ಣಿಗೆ ಚುಚ್ಚುತ್ತಿತ್ತು, ರದ್ದಿಗೆ ಹಾಕಲು ಕೈ ಬರುತ್ತಿರಲಿಲ್ಲ. ಗ್ರಂಥಾಲಯ ತುಂಬಿದ್ದು ಹಾಗೆ.

ಅಪ್ಪ ಮಗಳನ್ನೂ ಒಮ್ಮೆ ಕರೆದ. "ನೀನೂ ಒಂದು ಪುಟ ಓದು, ಮಗಳೇ." ಅವಳು ಒಲ್ಲೆ ಎಂದಳು. ಅಣ್ಣ ಕೂರುತ್ತಿದ್ದಲ್ಲಿ ತಾನು ಕೂತರೆ ಅವನು ಇನ್ನು ಬರುವುದಿಲ್ಲ ಎಂದು ಒಪ್ಪಿಕೊಂಡಂತೆ. ಅಪ್ಪ ಮತ್ತೆ ಕೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಪುರಸಭೆ ವಹಿಸಿಕೊಂಡಿತು. ಹೊಲಿಗೆಯಂತ್ರ ಹೋಗಿ ಮೇಜು ಕುರ್ಚಿ ಬಂದವು. ಗೋಡೆಗೆ 'ಮೌನವಾಗಿರಿ' ಎಂಬ ಬೋರ್ಡು ಏರಿತು. ಮಗಳಿಗೆ ಅಲ್ಲೇ ಕೆಲಸವಾಯಿತು.

ಆಮೇಲೆಯೇ ಆ ದನಿ ಶುರುವಾದದ್ದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಪಾಟಿನ ಹಿಂದೆ ಯಾರೋ ಓದುತ್ತಿದ್ದರು. ಮಾತು ತಿಳಿಯದು, ಏರಿಳಿತವಷ್ಟೇ. ಆದರೆ ವಾಕ್ಯದ ಕೊನೆಗೆ ಚಿಕ್ಕದಾಗಿ ಉಸಿರೆಳೆಯುವುದು ಥೇಟ್ ಅಣ್ಣನ ಹಾಗೆಯೇ. ಎದ್ದು ಹೋಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಗಂಡನಿಗೂ ಅವಳು ಹೇಳಲಿಲ್ಲ. ಭ್ರಮೆ ಅಂದಾನು ಎಂಬ ಅಳುಕಿಗಿಂತ, ಹೇಳಿದರೆ ದನಿ ನಿಂತೇ ಹೋದೀತು ಎಂಬ ಭಯ ದೊಡ್ಡದು. ಹೀಗೇ ಅವಳ ತಲೆ ಹಣ್ಣಾಯಿತು.

ಒಂದು ಮಧ್ಯಾಹ್ನ ಇಸ್ತ್ರಿ ಅಂಗಡಿಯ ಅಜ್ಜಿ ಬಂದಳು. ಜ್ವರದಲ್ಲಿ ಹೋದ ಅವಳ ಮಗಳ ಪುಸ್ತಕವೊಂದು ಇಲ್ಲಿತ್ತು. ಅಕ್ಕ ಹುಡುಕಿ ಕೊಟ್ಟಳು. ಅಜ್ಜಿ ಅದನ್ನು ಸೆರಗಿನಿಂದ ಒರೆಸಿ ತಿರುಗಿ ಅವಳ ಕೈಗೇ ಇಟ್ಟಳು.

"ನಂಗೆ ಓದಕ್ಕೆ ಬರಲ್ಲಮ್ಮ. ಇದನ್ನ ಓದ್ಕೊಂಡು ಒಬ್ಬಳೇ ನಗ್ತಿದ್ಲು. ಯಾಕೆ ನಗ್ತಿದ್ಲು ಅಂತ ಗೊತ್ತಾಗ್ದೇನೇ ಕಣ್ಣು ಮುಚ್ಚಿಬಿಡ್ತೀನೇನೋ."

ಮನೆಗೆ ಒಯ್ದು ಯಾರಿಂದಲಾದರೂ ಓದಿಸಿಕೊಳ್ಳಿ ಎಂದಳು ಅಕ್ಕ.

"ಮನೇಲಿ ಯಾರಿದ್ದಾರೆ? ನೀನೇ ಓದು."

ಅಕ್ಕ ಬೋರ್ಡಿನತ್ತ ನೋಡಿದಳು. ಆಮೇಲೆ ಕೂತು ಓದತೊಡಗಿದಳು. ಮೊದಲು ತಡವರಿಸಿದಳು, ನಂತರ ಸಲೀಸಾಯಿತು. ಕತೆಯಲ್ಲಿ ಅತ್ತೆಗೆ ಹೆದರಿ ಧಾನ್ಯದ ಪೆಟ್ಟಿಗೆಯಲ್ಲಿ ಅಡಗಿದ ಅಳಿಯ ಒಳಗಿಂದಲೇ ಸೀನುವ ಕಡೆ ಅಜ್ಜಿ ನಕ್ಕಳು. ನಗುತ್ತಲೇ ಸೆರಗು ಬಾಯಿಗೊತ್ತಿಕೊಂಡಳು.

ಪುಟ ಮುಗಿಯಿತು. ಆ ಚಿಕ್ಕ ಉಸಿರು ಕೇಳಿಸಿತು. ಅಕ್ಕ ಥಟ್ಟನೆ ಕಪಾಟಿನತ್ತ ತಿರುಗಿದಳು. ಉಸಿರೆಳೆದವಳು ತಾನೇ.

ಅಜ್ಜಿ ಹೋದ ಮೇಲೆ ಅವಳು ಕಿವಿಗೊಟ್ಟು ಕೂತಳು. ಕಪಾಟಿನ ಹಿಂದೆ ಏನೂ ಇಲ್ಲ. ಬೀಗ ಹಾಕುವ ಮುಂಚೆ "ಅಣ್ಣಾ" ಎಂದು ಮೆಲ್ಲಗೆ ಕರೆದಳು. ಕಾದು ನೋಡಿ ಬೀಗ ತಿರುಗಿಸಿದಳು.

ಮನೆಯಲ್ಲಿ ಗಂಡ, ದನಿ ಯಾಕೆ ಒಡೆದಿದೆ ಎಂದು ಕೇಳಿದ. ಅವಳು ಒಲೆ ಆರಿಸಿ ನೆಲದ ಮೇಲೆ ಕೂತಳು.

"ನಮ್ಮಣ್ಣ ಹೋಗ್ಬಿಟ್ಟ ರೀ," ಅಂದಳು.

ನಲವತ್ತು ವರ್ಷದ ಹಳೆಯ ಸಾವು. ಗಂಡ ಈಗಷ್ಟೇ ಸುದ್ದಿ ಬಂದಂತೆ ಅವಳ ಪಕ್ಕದಲ್ಲಿ ಬಂದು ಕೂತ.